ಅರ್ಧ ಲಾರಿಯ ದೀಪಗಳು

ಅಣ್ಣನ ಮೋಟಾರಿಗೆ ನಾನು ಮೂರು ಸಲ ದೀಪ ಕಟ್ಟಿದೆ. ಮೂರು ಸಲವೂ ಅವನು ಸಾಲದು ಅಂದ. ಮೂರನೆಯ ಸಲ ಕಟ್ಟಿದಂಥ ದೀಪ ಆಗ ಮಳವಳ್ಳಿ ಮದ್ದೂರು ಸೀಮೆಯಲ್ಲಿ ಯಾವ ಬಸ್ಸಿಗೂ ಇರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಹೇಳಿದರೆ ಕೇಳುವವರಿಲ್ಲ. ನಮ್ಮ ಊರಿನಲ್ಲಿ ನನ್ನ ಕೈಕೆಲಸದ ಬಗ್ಗೆ ಉಳಿದಿರುವುದು ಬೇರೆಯೇ ಮಾತು.

ಆಗಿನ್ನೂ ಮಂಡ್ಯ ಜಿಲ್ಲೆಯಾಗಿರಲಿಲ್ಲ. ಅಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾವಿದ್ದದ್ದು ಮಳವಳ್ಳಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಭಾರವೆಲ್ಲ ಅಣ್ಣನ ಮೇಲೆ ಬಿತ್ತು. ನನಗಿಂತ ಹನ್ನೊಂದು ವರ್ಷ ದೊಡ್ಡವನು. ಮೈಸೂರಿನ ಸಾಹುಕಾರರೊಬ್ಬರ ಹತ್ತಿರ ಡ್ರೈವರಾಗಿದ್ದವನು, ಅವರು ಬೇಡವೆಂದು ಮಾರಿದ ಹಳೆಯ ಕಾರನ್ನು ತಾನೇ ಕೊಂಡು ತಂದ. ಹಿಂದಿನ ಸೀಟನ್ನೂ ಬಟ್ಟೆಯ ಮುಚ್ಚಿಗೆಯನ್ನೂ ಕೊಯ್ಸಿ ಹಾಕಿ, ನಮ್ಮೂರ ಬಡಗಿಯಿಂದ ಬೇವಿನ ಹಲಗೆಯ ತೊಟ್ಟಿ ಕೂರಿಸಿದ. ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಗಾಡಿ. ಈಗಿನವರು ಇಂಥದ್ದಕ್ಕೆ ಪಿಕಪ್ಪು ಅನ್ನುತ್ತಾರೆ. ಊರಿನವರು ಅರ್ಧ ಲಾರಿ ಅಂದರು. ಬೆಳಕವಾಡಿ ಕಡೆಯ ತೋಟಗಳಿಂದ ವೀಳ್ಯದೆಲೆಯ ಪೆಂಡಿ, ಬಾಳೆಗೊನೆ ತುಂಬಿಕೊಂಡು ಮದ್ದೂರು ಸ್ಟೇಷನ್ನಿಗೆ ಬೆಳಗಿನ ರೈಲಿಗೆ ಮುಟ್ಟಿಸುವುದು ಅವನ ಕೆಲಸ. ರೈಲು ಸಿಗಬೇಕಾದರೆ ಕೋಳಿ ಕೂಗುವ ಮುಂಚೆ ಹೊರಡಬೇಕು. ದೀಪವಿಲ್ಲದೆ ಆ ಕೆಲಸವೇ ಇಲ್ಲ.

ಕಾರಿನ ಜೊತೆಗೆ ಬಂದ ದೀಪಗಳು ಕಾರ್ಬೈಡಿನವು. ಪಕ್ಕದ ಹಿತ್ತಾಳೆ ಡಬ್ಬಿಯಲ್ಲಿ ಕಾರ್ಬೈಡಿನ ಉಂಡೆ ಹಾಕಿ, ಮೇಲಿನಿಂದ ತೊಟ್ಟುತೊಟ್ಟಾಗಿ ನೀರು ಬಿಟ್ಟರೆ ಗ್ಯಾಸು ಏಳುತ್ತದೆ. ಅದು ರಬ್ಬರ್ ಕೊಳವೆಯಲ್ಲಿ ಮುಂದಿನ ದೀಪಗಳಿಗೆ ಹೋಗುತ್ತದೆ. ಕಡ್ಡಿ ಗೀರಿ ಹಚ್ಚಬೇಕು. ಮನೆಯ ಮುಂದೆಲ್ಲ ಕೊಳೆತ ಬೆಳ್ಳುಳ್ಳಿಯ ವಾಸನೆ. ಗಾಳಿ ಬೀಸಿದರೆ ಆರಿಹೋಗುತ್ತಿತ್ತು. ಮಳೆ ಬಂದರಂತೂ ಕೇಳುವುದೇ ಬೇಡ.

ನಾನು ಲೋಯರ್ ಸೆಕೆಂಡರಿ ಮುಗಿಸಿ ಮದ್ದೂರಿನಲ್ಲಿ ಒಬ್ಬ ಸಾಬರ ಹತ್ತಿರ ಮೋಟಾರು ಕೆಲಸ ಕಲಿಯುತ್ತಿದ್ದೆ. ನಾಲ್ಕು ವರ್ಷವಾಗಿತ್ತು. ಸಾಬರು ಮಾತು ಕಡಿಮೆಯ ಮನುಷ್ಯ, ಕೈ ಬಹಳ ಶುದ್ಧ. ಒಂದು ಗಂಟು ಸಡಿಲವಾಗಿದ್ದರೂ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಬ್ಯಾಟರಿ, ಡೈನಮೋ, ತಂತಿ ಇವುಗಳ ಮೇಲೆ ನನಗೆ ಆಸೆ ಹತ್ತಿದ್ದು ಅವರಿಂದ. ಶಿವನಸಮುದ್ರದಿಂದ ಹೊರಟ ಕರೆಂಟು ನಮ್ಮ ತಲೆಯ ಮೇಲೆಯೇ ಹಾದು ಎಲ್ಲೋ ದೂರದ ಚಿನ್ನದ ಗಣಿಗೆ ಹೋಗುತ್ತಿತ್ತು. ಅದರ ಕೆಳಗಿನ ಊರುಗಳಲ್ಲಿ ಹರಳೆಣ್ಣೆ ದೀಪ. ಈಗೀಗ ಪೇಟೆಯ ದೊಡ್ಡ ಮನೆಗಳಿಗೆ ಲೈಟು ಬರುತ್ತದೆ ಎಂಬ ಮಾತು ಎದ್ದಿತ್ತು. ಬಂದಾಗ ಆ ಮನೆಗಳಿಗೆಲ್ಲ ವೈರು ಎಳೆಯುವವನು ನಾನೇ ಎಂದು ನಾನು ಗಟ್ಟಿಯಾಗಿ ನಂಬಿಕೊಂಡಿದ್ದೆ.

ಮೊದಲ ಸಲ ಸಾಬರು ಕೊಟ್ಟ ಹಳೆಯ ಡೈನಮೋ, ಆರು ವೋಲ್ಟಿನ ಬ್ಯಾಟರಿ, ಎರಡು ಸಣ್ಣ ದೀಪ ಇಷ್ಟರಲ್ಲಿ ಮುಗಿಸಿದೆ. ನಮ್ಮ ಹಿತ್ತಲಲ್ಲೇ ಕೆಲಸ. ಅವ್ವನ ಒಲೆಯಲ್ಲಿ ಕಬ್ಬಿಣ ಕಾಯಿಸಿ, ರಾಳ ಸವರಿ ಬೆಸುಗೆ ಹಾಕಿದೆ. ಸ್ವಿಚ್ಚು ತಿರುಗಿಸಿದಾಗ ಅವ್ವ ಕೈಮುಗಿದಳು. ಅಣ್ಣ ಒಂದು ವಾರ ಓಡಿಸಿ ಬಂದು, "ಮಿಣುಕು ಹುಳ ಇದ್ದಂಗವೆ ಕಣ್ಲಾ" ಅಂದ.

ಅದು ನಿಜವಿರಬಹುದು ಅನ್ನಿಸಿತು. ತಂತಿ ತೆಳ್ಳಗಿದ್ದರೆ ದಾರಿಯಲ್ಲೇ ಕರೆಂಟು ಸೋರಿಹೋಗುತ್ತದೆ ಎಂದು ಸಾಬರು ಹೇಳಿದ್ದರು. ಎಲ್ಲ ಬಿಚ್ಚಿ ದಪ್ಪ ತಂತಿ ಎಳೆದೆ. ಕರೆಂಟು ವಾಪಸು ಹರಿಯುವ ಚಾಸಿಸಿನ, ಎಂದರೆ ತಳದ ಚೌಕಟ್ಟಿನ, ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ ಅಲ್ಲಿ ತಂತಿಯ ಗಂಟು ಬಿಗಿದೆ. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆಗಳಲ್ಲಿ ಉಜ್ಜಿ ಸವೆಯದಿರಲೆಂದು ಹಳೆಯ ರಬ್ಬರ್ ಕೊಳವೆಯನ್ನು ತುಂಡು ಮಾಡಿ ತೊಡಿಸಿದೆ. ಬೆಳಕು ಕೆಂಪಿನಿಂದ ಬಿಳಿಗೆ ತಿರುಗಿತು. ಎದುರು ಬಂದ ಗಾಡಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈಯತೊಡಗಿದರು. ಅಣ್ಣ ಮಾತ್ರ, "ಏನೂ ಕಾಣಾಕಿಲ್ಲ" ಅಂದ.

ಮೂರನೆಯ ಸಲ ನನಗೂ ಹಟ ಬಂತು. ಮುರಿದು ಹಾಕಿದ ಬಸ್ಸಿನ ಎರಡು ದೊಡ್ಡ ದೀಪಗಳನ್ನು ಸಾಬರು ತೆಗೆದಿಟ್ಟಿದ್ದರು. ಬೆಳಕನ್ನು ಮುಂದಕ್ಕೆ ಎಸೆಯುವ ಒಳಗಿನ ಬೋಗುಣಿ ಕಪ್ಪಾಗಿತ್ತು. ಮೈಸೂರಿಗೆ ಕೊಂಡೊಯ್ದು ಬೆಳ್ಳಿಯ ನೀರು ಹಾಕಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎಂಟು ದಿನ ಹಿತ್ತಲಲ್ಲಿ ಕೂತು ವೈರಿಂಗನ್ನು ಹೊಸದಾಗಿ ಮಾಡಿದೆ. ಕರೆಂಟು ಬ್ಯಾಟರಿಗೆ ವಾಪಸು ಹೋಗಲು ಕೂಡ ಪ್ರತ್ಯೇಕ ತಂತಿ, ಒಂದೊಂದು ದೀಪಕ್ಕೆ ಒಂದೊಂದು ಫ್ಯೂಸು ಹಾಕಿ, ಡ್ರೈವರ ಮುಂದಿನ ಹಲಗೆಯ ಹಿಂದೆ ತಂತಿಗಳನ್ನು ದಾರದಲ್ಲಿ ಕಟ್ಟಿ ಜಡೆಯ ಹಾಗೆ ಇಳಿಬಿಟ್ಟಿದ್ದೆ. ಬಂದು ನೋಡಿದ ಸಾಬರು ಬೆರಳಿಂದ ಒಂದೊಂದನ್ನೂ ಎಳೆದು ನೋಡಿ, "ಇದನ್ನು ನಾನು ಬಿಚ್ಚಿಸಲ್ಲ" ಅಂದರು. ಅವರ ಬಾಯಿಂದ ಅಷ್ಟು ಬಂದದ್ದು ಅದೊಂದೇ ಸಲ.

ಸಂಜೆ, ಇನ್ನೇನು ಕತ್ತಲಾಗುವ ಹೊತ್ತಿಗೆ, ದನದ ಕೊಟ್ಟಿಗೆಯ ಸುಣ್ಣದ ಗೋಡೆಗೆ ಎದುರಾಗಿ ಮೋಟಾರು ನಿಲ್ಲಿಸಿ ಸ್ವಿಚ್ಚು ಹಾಕಿದೆ. ಗೋಡೆ ಹಗಲಿನ ಹಾಗಾಯಿತು. ಸುಣ್ಣ ಬಳಿದ ಕುಂಚದ ಗೆರೆಗಳು ಕೂಡ ಎಣಿಸುವಂತೆ ಕಂಡವು. ಅಣ್ಣನನ್ನು ಕರೆದೆ. ಅವನು ಹಿಂಬಾಗಿಲಿನಿಂದ ಗೋಡೆ ಸವರಿಕೊಂಡು ಬಂದು ನಿಂತ.

"ಬೆಳ್ಳಗೈತೆ. ಆದ್ರೂ ಸಾಲ್ದು" ಅಂದ.

"ಇನ್ನೆಷ್ಟು ಬೇಕಣ್ಣ?"

"ರಸ್ತೆ ಕಾಣ್ಬೇಕು ಕಣ್ಲಾ. ಪಕ್ಕ ಕಾಣ್ಬೇಕು." ಹಾಗೆಂದು ತಿರುಗಿದವನು, ಬೆಳಕಿನ ಅಂಚಿಗೇ ಇದ್ದ ಒರಳುಕಲ್ಲನ್ನು ಎಡವಿ ಮುಗ್ಗರಿಸಿದ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಕಲ್ಲು. ನಾನಿದ್ದ ಜಾಗದಿಂದ ಅದರ ಕುಳಿಯಲ್ಲಿ ನಿಂತ ನೀರು ಸಹ ಕಾಣುತ್ತಿತ್ತು.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಓಡಿಬಂದು ಅವನ ತೋಳು ಹಿಡಿದಳು. ಹೊಸದಾಗಿ ಹಿಡಿದವಳ ಹಾಗಿರಲಿಲ್ಲ. ದಿನಾ ಹಿಡಿದು ಅಭ್ಯಾಸವಾದವಳ ಹಾಗಿತ್ತು. ಆಗ ಒಂದೊಂದೇ ನೆನಪಾಯಿತು. ರಾತ್ರಿ ಊಟಕ್ಕೆ ಕೂತರೆ ಅವನ ಕೈಯನ್ನು ತಟ್ಟೆಗೆ ಮುಟ್ಟಿಸುತ್ತಿದ್ದವಳು ಇವಳು. ಮಬ್ಬಾದ ಮೇಲೆ ಅವನು ಹೊರಗೆ ಹೋಗುವಾಗ ಏನೋ ನೆಪ ಮಾಡಿ ಮುಂದೆ ನಡೆಯುತ್ತಿದ್ದವಳೂ ಇವಳೇ.

ಅವನು ಒಳಗೆ ಹೋದ ಮೇಲೆ ಕೇಳಿದೆ. "ಯಾವತ್ತಿಂದ ಅತ್ತಿಗೆ?"

"ಎರಡು ವರ್ಸ ಆಯ್ತು" ಅಂದಳು. "ಅಗಲೊತ್ತು ಏನೂ ಇಲ್ಲ. ಬೈಗಾದ್ಮೇಲೆ ಮಸುಕು. ಯಾರ್ಗೂ ಯೋಳ್ಬೇಡ ಅಂತ ನನ್ತಾವ ಆಣೆ ಆಕುಸ್ಕೊಂಡವ್ರೆ."

ಎರಡು ವರ್ಷ! ಅಷ್ಟೂ ದಿನ ಅವನು ನನ್ನ ಕೆಲಸವನ್ನು ಸಾಲದು, ಸಾಲದು ಎಂದು ಬಿಚ್ಚಿಸಿದ್ದ. ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ. ಮಾರನೆಯ ಬೆಳಿಗ್ಗೆ ಅವ್ವನ ಎದುರಿಗೇ ಹೇಳಿಬಿಟ್ಟೆ.

"ದೀಪದಲ್ಲಿ ಏನೂ ಇಲ್ಲ ಅಣ್ಣ. ನಿನ್ನ ಕಣ್ಣಲ್ಲಿ ಐತೆ. ಇರುಳುಗುರುಡು. ಮೈಸೂರಿಗೆ ಓಗಿ ತೋರ್ಸು."

ಅವನು ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿದ. "ನಿನ್ ಕೈ ಸರಿಯಿಲ್ಲ ಅನ್ನಕ್ಕೆ ನನ್ ಕಣ್ಣು ಕುರುಡು ಅಂತೀಯೇನ್ಲಾ?"

ಅವ್ವ ನನ್ನ ಕಡೆ ತಿರುಗಿದಳು. "ನಿಂಗೆ ಅನ್ನ ಆಕಿ ಓದ್ಸಿದೋನು ಕಣ್ಲಾ ಅವ್ನು. ಅವ್ನಿಗೆ ಕುರುಡು ಅಂತ ನಾಲಿಗೆ ಎಂಗಾರ ಏಳ್ತದೆ ನಿಂಗೆ?"

ಕಣ್ಣು ಹೋಗಿದೆ ಎಂದು ಹೊರಗೆ ಗೊತ್ತಾದರೆ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ಅವನು ಯಾರೂ ಅಲ್ಲ. ಅದು ನನಗೆ ಅರ್ಥವಾಗದೆ ಇರಲಿಲ್ಲ. ನಾನೇ ಜೊತೆಗೆ ಬಂದು ದಾರಿ ಹೇಳುತ್ತೇನೆ ಅಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದ. ನಾಲ್ಕು ದಿನ ಅವನ ಪಕ್ಕದಲ್ಲಿ ಕೂತು, ಎಡಕ್ಕೆ, ಬಲಕ್ಕೆ, ಗಾಡಿ ಬರುತ್ತಿದೆ, ನಾಯಿ ಮಲಗಿದೆ ಎಂದು ಹೇಳುತ್ತಾ ಹೋದೆ. ಐದನೆಯ ದಿನ ಬೆಳಕವಾಡಿಯಲ್ಲಿ ಎಲೆಯ ಪೆಂಡಿ ತುಂಬುತ್ತಿದ್ದ ಕೂಲಿಯವನೊಬ್ಬ, "ಏನ್ ಗೌಡ್ರೇ, ತಮ್ಮಂಗೆ ಡ್ರೈವರ್ಕೆ ಕಲಿಸ್ತಿದ್ದೀರೋ, ಇಲ್ಲಾ ನೀವೇ ಕಲೀತಿದ್ದೀರೋ?" ಎಂದು ನಕ್ಕ. ಅಣ್ಣ ನನ್ನನ್ನು ಅಲ್ಲೇ ಇಳಿಸಿದ. "ನಡ್ಕೊಂಡ್ ಬಾ" ಅಂದ. ಮತ್ತೆ ಹತ್ತಿಸಿಕೊಳ್ಳಲಿಲ್ಲ.

ನಾನು ಮತ್ತೆ ಕೇಳಲೂ ಇಲ್ಲ. ಹಟ ಮಾಡಿ ಹತ್ತಬಹುದಿತ್ತು. ಇಷ್ಟು ಅವಮಾನ ಮಾಡಿದವನು ಹೇಗಾದರೂ ಹೋಗಲಿ ಎಂದು ಬೆಚ್ಚಗೆ ಹೊದ್ದು ಮಲಗುತ್ತಿದ್ದೆ. ಹೊರಗೆ ಅವನು ಮೋಟಾರು ಎಬ್ಬಿಸಲು ಹ್ಯಾಂಡಲು ತಿರುಗಿಸುವ ಸದ್ದು ಕೇಳಿಸುತ್ತಿತ್ತು.

ಒಂದು ತಿಂಗಳಾಗಿರಬೇಕು. ಮದ್ದೂರಿನ ದಾರಿಯಲ್ಲಿ ಒಂದು ಕೆರೆ ಏರಿ. ಅದರ ತಿರುವು ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಒಂದು ಎತ್ತಿನ ಗಾಡಿಗೆ ಅಣ್ಣ ಹಿಂದಿನಿಂದ ಗುದ್ದಿದ. ಕೊಪ್ಪದವನೊಬ್ಬ, ಮಳವಳ್ಳಿ ಕಡೆಯ ಮಗಳ ಮನೆಗೆ ಹುಲ್ಲು ಇಳಿಸಿ ಊರಿಗೆ ವಾಪಸಾಗುತ್ತಿದ್ದ. ಒಂದು ಎತ್ತು ಅಲ್ಲೇ ಸತ್ತಿತು. ಗಾಡಿಯವನ ಬಲಗಾಲು ಚಕ್ರಕ್ಕೂ ಏರಿಯ ಕಲ್ಲಿಗೂ ಮಧ್ಯೆ ಸಿಕ್ಕಿ ಜಜ್ಜಿಹೋಯಿತು. ಅಣ್ಣ ಅವನನ್ನು ಬಿಟ್ಟು ಓಡಲಿಲ್ಲ. ಬಾಳೆಗೊನೆಗಳನ್ನು ರಸ್ತೆಗೆ ತಳ್ಳಿ, ಅವನನ್ನು ತೊಟ್ಟಿಯಲ್ಲಿ ಮಲಗಿಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಮಳವಳ್ಳಿಯ ಆಸ್ಪತ್ರೆಗೆ ತಂದ. ಹೇಗಾಯಿತು ಎಂದು ಅಲ್ಲಿದ್ದ ಪೋಲೀಸ್ ಜಮಾದಾರ ಕೇಳಿದಾಗ, "ಇದ್ದಕ್ಕಿದ್ದಂಗೆ ಲೈಟು ಆರೋಯ್ತು ಸೋಮಿ" ಅಂದುಬಿಟ್ಟ.

ಮನೆಗೆ ಬಂದವನು ಜಗಲಿಯ ಮೇಲೆ ಕುಸಿದು ಕೂತ. ಅಂಗಿಯೆಲ್ಲ ರಕ್ತ. ಎಲ್ಲ ಹೇಳಿ, ಕೊನೆಗೆ ನನ್ನ ಮುಖ ನೋಡದೆ, "ಮಧ್ಯಾನ ಮೋಟಾರ್ ನೋಡಕ್ಕೆ ಬತ್ತಾರಂತೆ" ಅಂದ.

ಬೀದಿಯಲ್ಲಿ ನಿಂತಿದ್ದ ಮೋಟಾರನ್ನು ಹಿತ್ತಲಿಗೆ ತಂದೆ. ಎಡಗಡೆಯ ದೀಪ ಒಡೆದು ಬಾಯಿ ಬಿಟ್ಟಿತ್ತು. ಸ್ವಿಚ್ಚು ತಿರುಗಿಸಿದೆ. ಬಲಗಡೆಯದು ಹತ್ತಿತು. ಬಿಸಿಲಿನಲ್ಲೂ ಬೆಳ್ಳಗೆ ಉರಿಯಿತು.

ಅವ್ವ ಹಿಂದೆ ಬಂದು ನಿಂತಿದ್ದಳು. "ಏನಾರ ಮಾಡ್ಲಾ" ಅಂದಳು. "ಅವ್ನು ಜೈಲಿಗೋದ್ರೆ ನಾನು ಬಾವಿಗೆ ಬೀಳ್ತೀನಿ."

"ಮಾಡುದ್ರೆ ನನ್ ಕೆಲ್ಸದ ಮೇಲೆ ಬತ್ತದೆ ಅವ್ವ."

"ನಿಂಗೇನು, ಇನ್ನೊಂದು ಕೆಲ್ಸ ಕಲ್ತ್ಕೋತೀಯೆ. ಅವ್ನಿಗೆ ಏನೈತೆ?"

ಅತ್ತಿಗೆ ಬಾವಿಕಟ್ಟೆಯ ಮೇಲೆ ಕೂತು ಅಣ್ಣನ ಅಂಗಿ ಒಗೆಯುತ್ತಿದ್ದಳು. ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು.

ನಾನು ಡ್ರೈವರ ಸೀಟಿನ ಮುಂದೆ ಬೆನ್ನ ಮೇಲೆ ಮಲಗಿ, ಹಲಗೆಯ ಹಿಂದೆ ಕೈ ಹಾಕಿದೆ. ದಾರದಲ್ಲಿ ಕಟ್ಟಿದ್ದ ಜಡೆ ಬೆರಳಿಗೆ ಸಿಕ್ಕಿತು. ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ತಂತಿ ಯಾವುದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅದನ್ನು ಹುಡುಕಿ, ರಬ್ಬರ್ ತೊಡಿಸಿದ್ದ ಕಡೆ ರಬ್ಬರನ್ನು ಕಿತ್ತು, ತಾನೇ ಸವೆದಂತೆ ಕಾಣಲೆಂದು ತಂತಿಗೆ ಸುತ್ತಿದ್ದ ಬಟ್ಟೆಯನ್ನು ಕಲ್ಲಿನಿಂದ ಉಜ್ಜಿ ಹರಿದೆ. ಆಮೇಲೆ ಇಕ್ಕಳದಿಂದ ಕತ್ತರಿಸಿದೆ. ದಪ್ಪ ತಂತಿ, ಒಂದೇ ಸಲಕ್ಕೆ ಆಗಲಿಲ್ಲ. ಎರಡು ಸಲ ಒತ್ತಬೇಕಾಯಿತು. ಬಲಗಡೆಯ ದೀಪ ಆರಿತು.

ಮಧ್ಯಾಹ್ನ ಜಮಾದಾರನ ಜೊತೆಗೆ ಬಂದವರು ಮದ್ದೂರಿನ ಸಾಬರು. ಮೋಟಾರು ಬಲ್ಲವರು ಬೇಕೆಂದು ಅವರನ್ನೇ ಕರೆಸಿದ್ದರು. ಅವರು ಸ್ವಿಚ್ಚು ತಿರುಗಿಸಿ ನೋಡಿದರು, ಬಾಗಿ ಹಲಗೆಯ ಹಿಂದೆ ನೋಡಿದರು, ಬಹಳ ಹೊತ್ತು ನೋಡಿದರು. ಎದ್ದು ಜಮಾದಾರನಿಗೆ, "ತಂತಿ ತುಂಡಾಗಿದೆ. ಇದು ತುಂಡಾದರೆ ಎರಡು ದೀಪವೂ ಹತ್ತಲ್ಲ" ಅಂದರು. ಸುಳ್ಳು ಹೇಳಲಿಲ್ಲ. ಜಮಾದಾರ ಬರೆದುಕೊಂಡ. ಅವನು ಆಚೆ ಹೋದ ಮೇಲೆ ಸಾಬರು ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ, "ಸವೆದು ಹರಿದ ತಂತಿಯ ತುದಿ ಹೀಗೆ ಹೊಳೆಯಲ್ಲ" ಅಂದರು. "ನಾಳೆಯಿಂದ ಬರಬೇಡ" ಅಂದು ಹೊರಟುಹೋದರು.

ಅಪಘಾತವೆಂದು ತೀರ್ಮಾನವಾಯಿತು. ಅಣ್ಣ ದಂಡ ಕಟ್ಟಿ ಬಂದ. ಗಾಡಿಯವನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿ ಮೊಣಕಾಲಿನಿಂದ ಕೆಳಕ್ಕೆ ಕೊಯ್ದರು ಎಂದು ಸುದ್ದಿ ಬಂತು. ತಮ್ಮ ಮನೆಗೆ ನಾನೇ ವೈರು ಎಳೆಯಬೇಕು ಎಂದು ಹೇಳಿಟ್ಟಿದ್ದ ಪೇಟೆಬೀದಿಯ ಬಟ್ಟೆ ವ್ಯಾಪಾರಿ ಮಂಡ್ಯದಿಂದ ಬೇರೆಯವನನ್ನು ಕರೆಸಿದರು. ದಾರಿಯಲ್ಲಿ ಸಿಕ್ಕಾಗ, "ತಪ್ಪು ತಿಳೀಬ್ಯಾಡಪ್ಪ, ಮಕ್ಳಿರೋ ಮನೆ" ಅಂದರು. ಅಣ್ಣ ಕತ್ತಲೆಯಲ್ಲಿ ಓಡಿಸುವುದನ್ನು ಬಿಟ್ಟ. ಬೇರೊಬ್ಬ ಡ್ರೈವರನ್ನು ಇಟ್ಟುಕೊಂಡ. ಯಾರಾದರೂ ಕೇಳಿದರೆ, "ಲೈಟ್ ಮೇಲೆ ನಂಬ್ಕೆ ಓಗ್ಬುಡ್ತು" ಅನ್ನುತ್ತಿದ್ದ. ಮೊದಮೊದಲು ಇದನ್ನು ಹೇಳುವಾಗ ನಾನು ಹತ್ತಿರವಿದ್ದರೆ ದನಿ ತಗ್ಗಿಸುತ್ತಿದ್ದ. ಅದೇ ದೀಪಗಳನ್ನು ಆ ಹೊಸ ಡ್ರೈವರು ಒಂದು ತುಂಡು ತಂತಿ ಹಾಕಿ ಸರಿಮಾಡಿಕೊಂಡು, ಒಡೆದದ್ದಕ್ಕೆ ಗಾಜು ಕೂರಿಸಿಕೊಂಡು, ವರ್ಷಗಟ್ಟಲೆ ಓಡಿಸಿದ.

ಮುಂದಿನ ವರ್ಷ ಅಣ್ಣನ ಮಗುವಿನ ನಾಮಕರಣ. ಅತ್ತಿಗೆಯ ತವರಿನವರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ನಾನು ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕುತ್ತಿದ್ದೆ. ಅಣ್ಣ ದೊಡ್ಡ ದನಿಯಲ್ಲಿ, "ಉಸಾರು ಕಣ್ರಪ್ಪೋ, ನನ್ ತಮ್ಮ ಮುಟ್ಟುದ್ ದೀಪ. ಇವ್ನು ಆಕಿದ್ ವೈರಿಗೆ ಒಬ್ನು ಕಾಲೇ ಓಯ್ತು" ಅಂದ. ಎಲ್ಲರೂ ನಕ್ಕರು. ನಾನು ಅವನ ಮುಖ ನೋಡಿದೆ. ಕಣ್ಣು ತಪ್ಪಿಸುತ್ತಾನೇನೋ ಎಂದು ಕಾದೆ. ಇಲ್ಲ. ಅವನು ನಿಜವಾಗಿ ನಗುತ್ತಿದ್ದ. ಆ ಸುಳ್ಳನ್ನು ಹೇಳಿ ಹೇಳಿ, ಅದೇ ನಡೆದದ್ದು ಎಂದು ಅವನಿಗೇ ಆಗಿಹೋಗಿತ್ತು. ಪೆಟ್ರೋಮ್ಯಾಕ್ಸನ್ನು ಹಾಗೆಯೇ ಇಟ್ಟು ಹೊರಗೆ ಬಂದೆ. ಅತ್ತಿಗೆ ಬೀದಿಯ ತುದಿಯವರೆಗೆ ಹಿಂದೆ ಬಂದಳು.

"ಉಂಡಾದ್ರೂ ಓಗಪ್ಪ."

"ನೀವಾದ್ರೂ ಒಂದು ಮಾತು ಆಡ್ಬೋದಿತ್ತು ಅತ್ತಿಗೆ."

"ಆಣೆ ಐತಲ್ಲ" ಅಂದಳು. ಅವಳ ಕಂಕುಳಲ್ಲಿ ಮಗು ಅಳುತ್ತಿತ್ತು. ತಿರುಗಿ ಹೋದಳು.

ನಾನು ಮಂಡ್ಯಕ್ಕೆ ಹೋಗಿ ಕಾರ್ಖಾನೆಯ ಕಬ್ಬಿನ ಕೆಲಸಕ್ಕೆ ಸೇರಿದೆ. ಊರೂರು ತಿರುಗಿ, ಯಾರ ಗದ್ದೆಯಲ್ಲಿ ಕಬ್ಬು ಕಟಾವಿಗೆ ಬಂದಿದೆ ಎಂದು ನೋಡಿ ಮೇಸ್ತ್ರಿಗೆ ಹೇಳುವ ಕೆಲಸ. ಅದರಲ್ಲಿ ತಂತಿ ಇಲ್ಲ, ದೀಪ ಇಲ್ಲ. ಎರಡನೆಯ ವರ್ಷ ನನ್ನ ಪಾಲಿಗೆ ಕೊಪ್ಪದ ಕಡೆ ಬಂತು.

ಆ ಗಾಡಿಯವನ ಮನೆಯನ್ನು ನಾನು ಹುಡುಕಿಕೊಂಡು ಹೋದೆನೋ, ಕಾಲು ತಾನೇ ಒಯ್ದಿತೋ ಹೇಳಲಾರೆ. ಕೊಟ್ಟಿಗೆಯ ಮುಂದೆ ಕೂತು ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಪಕ್ಕದಲ್ಲಿ ಕಂಕುಳ ಕೋಲು. ಕಬ್ಬಿನವರು ಎಂದುಕೊಂಡು ಮಜ್ಜಿಗೆ ಕೊಡಿಸಿದ. ಕಾಲಿಗೇನಾಯಿತು ಎಂದು ಗೊತ್ತಿಲ್ಲದವನ ಹಾಗೆ ಕೇಳಿದೆ.

"ಮೋಟಾರ್ ಒಡೀತು" ಅಂದ. "ಕಾಲು ಓಗಿದ್ಕಿಂತ ಇನ್ನೊಂದು ಉರೀತದೆ ಕಣಪ್ಪ. ಲೈಟು ಇರ್ಲಿಲ್ಲ ಅಂತ ಬರ್ಕೊಂಡ್ರು. ಲೈಟು ಇತ್ತು! ನನ್ ಎತ್ತುಗಳ ನೆಳ್ಳು, ನನ್ ನೆಳ್ಳು, ರಸ್ತೆ ಮೇಲೆ ಮುಂದುಕ್ಕೆ ಉದ್ದುಕ್ಕೆ ಬಿದ್ದಿತ್ತು. ನಾನು ಪಕ್ಕುಕ್ಕೆ ಎಳ್ಕೊಳೋವಷ್ಟರಲ್ಲಿ ಗುದ್ದೇಬುಟ್ಟ. ಆಸ್ಪತ್ರೇಲಿ ಯೋಳ್ದೆ. ಕುಡ್ದಿದ್ದೀಯ ಅಂದ್ರು. ಲೈಟಿಲ್ದೆ ನೆಳ್ಳು ಎಂಗೆ ಬೀಳ್ತದೆ, ನೀನೇ ಯೋಳು. ಈ ಊರ್ನಲ್ಲೂ ಈಗ ಅದೇ ಮಾತು. ಕುಡ್ದು ಗಾಡಿ ಅಡ್ಡ ಬುಟ್ಟ ಅಂತಾರೆ. ಎಂಡ ಮುಟ್ದೋನಲ್ಲ ನಾನು."

ಮಜ್ಜಿಗೆಯ ಲೋಟ ಕೈಯಲ್ಲೇ ಇತ್ತು. ಹೇಗೆ ಬಾಯಿಗೆ ಬಂತೋ, ಹೇಳಿಬಿಟ್ಟೆ. ಓಡಿಸಿದವನು ನನ್ನ ಅಣ್ಣ, ಅವನಿಗೆ ಕತ್ತಲೆಯಲ್ಲಿ ಕಣ್ಣು ಕಾಣುವುದಿಲ್ಲ, ದೀಪ ಉರಿಯುತ್ತಿತ್ತು, ತಂತಿ ಕತ್ತರಿಸಿದವನು ನಾನು.

ಅವನು ಬೈಯುತ್ತಾನೆ, ಕೋಲೆತ್ತಿ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈಯಲ್ಲಿ ಉಳಿದಿದ್ದ ಹುಲ್ಲನ್ನು ಎಮ್ಮೆಯ ಮುಂದೆ ಹಾಕಿದ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಆಮೇಲೆ ಅವನು ಕೋಲು ಊರಿಕೊಂಡು ಎದ್ದ.

"ನಂಗೆ ಯೋಳಿ ಏನ್ ಬಂತು? ನಂಗೆ ಗೊತ್ತಿತ್ತು. ಬಾ, ಅಳ್ಳಿಕಟ್ಟೆ ತಾವ ನಮ್ಮೂರೋರು ಕೂತವ್ರೆ. ಅವ್ರ್ ಮುಂದೆ ಯೋಳು. ಪೋಲೀಸ್ಗೆ ಬ್ಯಾಡ, ಯಾರ್ಗೂ ಬ್ಯಾಡ. ಇವ್ನು ಕುಡ್ದಿರ್ಲಿಲ್ಲ ಅಂತ ಅಷ್ಟು ಮಾತ್ ಯೋಳ್ಬುಟ್ಟು ಓಗು."

ಅರಳಿಕಟ್ಟೆ ಅಲ್ಲಿಂದ ಕಾಣುತ್ತಿತ್ತು. ನಾಲ್ಕೈದು ಜನ ಕೂತಿದ್ದರು. ಐವತ್ತು ಹೆಜ್ಜೆ ಇರಬಹುದು. ಅಣ್ಣನ ಲೈಸೆನ್ಸು, ಅವ್ವನ ಬಾವಿ, ಮಂಡ್ಯದ ನನ್ನ ಕೆಲಸ ಎಲ್ಲ ಒಟ್ಟಿಗೆ ತಲೆಗೆ ಬಂದವು. "ಇವತ್ತು ಬಸ್ಸಿಗೆ ಹೊತ್ತಾಯ್ತು. ಬರೋ ವಾರ ಬತ್ತೀನಲ್ಲ, ಆಗ ಯೋಳ್ತೀನಿ" ಅಂದೆ.

"ಬರೋ ವಾರ" ಎಂದು ಅವನು ನನ್ನ ಮಾತನ್ನೇ ತಿರುಗಿ ಹೇಳಿ, ನಿಧಾನಕ್ಕೆ ಮತ್ತೆ ಕೂತುಕೊಂಡ.

ಮಾರನೆಯ ದಿನವೇ ನಾನು ಮೇಸ್ತ್ರಿಯ ಹತ್ತಿರ ಹೋಗಿ, ಕೊಪ್ಪದ ಕಡೆ ನೀರು ಒಗ್ಗುವುದಿಲ್ಲ, ಜ್ವರ ಬರುತ್ತದೆ ಎಂದು ಹೇಳಿ ಬಸರಾಳಿನ ಕಡೆಗೆ ಹಾಕಿಸಿಕೊಂಡೆ.